ಹೊಳೆದಂಡೆಯ ಟೆಂಟ್ ವಾಸ, ಬಿಸಿನೀರಿನ ಬುಗ್ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ, ಮಳವಳ್ಳಿ ಕಡೆಯ ಗೆಳೆಯರು, ಕಾಲೇಜಿನ ಹುಡುಗ ಹುಡುಗಿಯರು, ಮಕ್ಕಳನ್ನು ರಜೆಯಲ್ಲಿ ಎಲ್ಲಿಗಾದರೂ ಕರೆದೊಯ್ಯಬೇಕೆಂದಿರುವ ತಂದೆ ತಾಯಿಯರು ಮಾತಿನ ನಡುವೆ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ. ಹೊಳೆಯ ಸದ್ದು ಕೇಳುತ್ತಾ ಮಲಗಬೇಕೆಂಬ ಆಸೆ ಒಳ್ಳೆಯ ಆಸೆ. ಆದರೆ ನಮ್ಮ ಕಾವೇರಿ ಅಣೆಕಟ್ಟೆಗಳ ನಡುವೆ ಹರಿಯುವ ನದಿ. ಅದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ನಿಮ್ಮ ತಲೆಯ ಮೇಲಿನ ಮೋಡ ಹೇಳುವುದಿಲ್ಲ, ಎಷ್ಟೋ ಮೈಲಿ ಮೇಲಿರುವ ಗೇಟು ಹೇಳುತ್ತದೆ. ಈ ಒಂದು ಸಂಗತಿಯನ್ನು ತಿಳಿದುಕೊಂಡು ಹೊರಡಿ ಎಂಬುದೇ ನನ್ನ ಒತ್ತಾಯ.

## ಹೊರಡುವ ಮುನ್ನ

ಮಂಡ್ಯ, ಮೈಸೂರು ಕಡೆ ಹೊಳೆ ಪಕ್ಕ ಟೆಂಟ್‌ನಲ್ಲಿ ಮಲಗಲು ಜಾಗ ಎಲ್ಲಿದೆ?

ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ ಮೊದಲ ಉತ್ತರ. ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಅಲ್ಲಿ ಕಾವೇರಿಯ ದಂಡೆಯ ಮೇಲೇ ಇದೆ. ಟೆಂಟ್ ಕೊಠಡಿಗಳು, ಮರದ ಮನೆಗಳು, ತೆಪ್ಪದ ವಿಹಾರ, ಊಟ ಎಲ್ಲವೂ ಸೇರಿದ ವ್ಯವಸ್ಥೆ. ಹಲಗೂರಿನ ಮೇಲೆ ಕಾಡಿನ ದಾರಿ ಹಿಡಿದು ಹೋಗಬೇಕು. ಮೈಸೂರು ಜಿಲ್ಲೆಯವರಾದರೆ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಇದೇ ಸಂಸ್ಥೆಯ ವಸತಿ ಕಬಿನಿ ಹಿನ್ನೀರಿನ ದಂಡೆಯಲ್ಲಿದೆ. ಇವೆರಡರ ಸುತ್ತಮುತ್ತ ಖಾಸಗಿ ರೆಸಾರ್ಟ್‌ಗಳೂ ಇವೆ.

ಹಿಮಾಚಲದಲ್ಲೋ ಹೊರದೇಶದಲ್ಲೋ ಇರುವಂತೆ ದಿನಕ್ಕಿಷ್ಟು ಎಂದು ಹಣ ಕಟ್ಟಿ, ನಿಮ್ಮದೇ ಟೆಂಟ್ ಹೊಡೆದುಕೊಳ್ಳುವ ಸಾರ್ವಜನಿಕ ಬಯಲುಗಳ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಬೆಳೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಾವಲುಗಾರನಿರುವ, ಶೌಚಾಲಯವಿರುವ, ನೀರಿನ ಮಟ್ಟ ತಿಳಿಸುವ ಫಲಕವಿರುವ ಒಂದು ಜಾಗವಿದ್ದರೆ ಜನ ಕಂಡಕಂಡಲ್ಲಿ ಕದ್ದು ಮಲಗುವುದು ತಾನಾಗಿಯೇ ಕಡಿಮೆಯಾಗುತ್ತದೆ.

ದಂಡೆಯಲ್ಲಿ ಯಾರೂ ಇಲ್ಲ, ಸರ್ಕಾರದ ಜಾಗ. ನಾವು ಯಾರನ್ನು ಕೇಳಬೇಕು?

ಯಾರೂ ಇಲ್ಲ ಎಂದು ಕಾಣುವ ಜಾಗಕ್ಕೂ ಒಡೆಯರಿದ್ದಾರೆ. ಮುತ್ತತ್ತಿ, ಭೀಮೇಶ್ವರಿ ಸುತ್ತಲಿನ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27 ಮತ್ತು 28ನೇ ಕಲಂಗಳ ಪ್ರಕಾರ ಅಲ್ಲಿ ಪ್ರವೇಶಕ್ಕೂ ತಂಗುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಮುತ್ತತ್ತಿಯ ಆಂಜನೇಯ ದೇವಸ್ಥಾನಕ್ಕೆ ಹೋಗುವ ದಾರಿ ತೆರೆದಿದೆ ಎಂದ ಮಾತ್ರಕ್ಕೆ ರಾತ್ರಿ ಉಳಿಯಲು ಅನುಮತಿ ಸಿಕ್ಕಂತಾಗುವುದಿಲ್ಲ.

ಕೃಷ್ಣರಾಜಸಾಗರದ ಹಿನ್ನೀರಿನ ಬಯಲು ಮುಳುಗಡೆ ಪ್ರದೇಶ, ಅದು ಕಾವೇರಿ ನೀರಾವರಿ ನಿಗಮದ ವಶದಲ್ಲಿದೆ. ಉಳಿದ ಕಡೆ ದಂಡೆ ಒಂದೋ ಸರ್ಕಾರಿ ಖರಾಬು, ಇಲ್ಲವೇ ಯಾರದೋ ಪಟ್ಟಾ ಗದ್ದೆ, ತೆಂಗಿನ ತೋಟ. ರೈತರ ಜಮೀನಾದರೆ ಹಗಲಲ್ಲೇ ಮನೆಗೆ ಹೋಗಿ ಕೇಳಿ. ಹೀಗೆ ಕೇಳಿದವರಿಗೆ ನಮ್ಮ ಊರುಗಳಲ್ಲಿ ಒಪ್ಪಿಗೆಯ ಜೊತೆಗೆ ಎಳನೀರೂ ಸಿಗುವುದುಂಟು. ಕೇಳದೆ ನುಗ್ಗಿದರೆ ರಾತ್ರಿ ಎದ್ದು ಓಡಬೇಕಾಗುತ್ತದೆ. ತಂಗುವ ಸುದ್ದಿಯನ್ನು ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿಡಿ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ. ನದಿ ಇಳಿದಿರುತ್ತದೆ, ಬಂಡೆಗಳು ಕಾಣುತ್ತವೆ, ರಾತ್ರಿ ಒಂದು ರಗ್ಗು ಬೇಕೆನ್ನಿಸುವಷ್ಟು ಚಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯಲ್ಲಿ ಮಲಗುವ ಯೋಚನೆಯನ್ನೇ ಬಿಡಿ. ಕೊಡಗಿನಲ್ಲೂ ವಯನಾಡಿನಲ್ಲೂ ಮಳೆ ಹಿಡಿದರೆ ಜುಲೈ, ಆಗಸ್ಟ್‌ನಲ್ಲಿ ಕೃಷ್ಣರಾಜಸಾಗರ, ಕಬಿನಿ ಎರಡೂ ಜಲಾಶಯಗಳಿಂದ ನೀರು ಬರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರಿನ ಸಂಜೆಮಳೆ, ಸಿಡಿಲು. ಮಾರ್ಚ್ ಬಂದರೆ ಕಾಡು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ, ಇಲಾಖೆ ಚಾರಣಗಳನ್ನು ನಿಲ್ಲಿಸುವುದೂ ಉಂಟು.

ಟೆಂಟ್ ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ?

ಮೊದಲ ಸಲಕ್ಕೆ ಬಾಡಿಗೆ ಸಾಕು. ಜಿಪ್ ಪೂರ್ತಿ ಮುಚ್ಚುತ್ತದೆಯೇ, ತಳ ಹರಿದಿದೆಯೇ ಎಂದು ಮನೆಯಂಗಳದಲ್ಲಿ ಒಮ್ಮೆ ಹೊಡೆದು ನೋಡಿ. ಕೆಳಗೆ ಹಾಸಲು ದಪ್ಪ ಟಾರ್ಪಾಲು, ಪ್ರತಿಯೊಬ್ಬರಿಗೂ ಒಂದು ಟಾರ್ಚು, ಉದ್ದನೆಯ ಹಗ್ಗ. ಹಗ್ಗ ಯಾಕೆಂಬುದು ಮುಂದೆ ಬರುತ್ತದೆ.

ಐದು ವರ್ಷದ ಮಗು, ಎಪ್ಪತ್ತು ದಾಟಿದ ಅತ್ತೆ. ಇಬ್ಬರನ್ನೂ ಕರೆದುಕೊಂಡು ಹೋಗಬಹುದೇ?

ಧಾರಾಳವಾಗಿ. ಆದರೆ ಹಾಸಿಗೆ, ಶೌಚಾಲಯ, ಕಾವಲು ಇರುವ ಶಿಬಿರಕ್ಕೆ ಹೋಗಿ, ಬಯಲಿಗೆ ಬೇಡ. ಅತ್ತೆಯವರ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಕಟ್ಟಿಕೊಳ್ಳಿ. ಭೀಮೇಶ್ವರಿ ಕಡೆ ಮೊಬೈಲ್ ಸಂಕೇತ ನೆಚ್ಚಿಕೊಳ್ಳುವಂತಿಲ್ಲ, ಔಷಧಿ ಅಂಗಡಿಗೆ ಹಲಗೂರಿಗೇ ಬರಬೇಕು. ಮಗುವಿನ ವಿಷಯದಲ್ಲಿ ಒಂದೇ ನಿಯಮ: ನೀರು ಕಾಣುವ ಜಾಗದಲ್ಲಿ ದೊಡ್ಡವರೊಬ್ಬರ ಕೆಲಸ ಮಗುವನ್ನು ನೋಡಿಕೊಳ್ಳುವುದು ಮಾತ್ರ. ಅಡುಗೆ, ಫೋಟೊ, ಹರಟೆ ಯಾವುದೂ ಆ ಹೊತ್ತಿನಲ್ಲಿ ಅವರದಲ್ಲ. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದು ಬಿಟ್ಟರೆ ಯಾರೂ ನೋಡುವುದಿಲ್ಲ.

## ದಂಡೆಯ ಮೇಲೆ

ಟೆಂಟ್ ನೀರಿನಿಂದ ಎಷ್ಟು ದೂರ ಇರಬೇಕು?

ದೂರಕ್ಕಿಂತ ಎತ್ತರ ಮುಖ್ಯ. ಹೊಳೆ ಅಡ್ಡಕ್ಕೆ ಹರಡುವ ಮುನ್ನ ಮೇಲಕ್ಕೆ ಏರುತ್ತದೆ. ಚಪ್ಪಟೆ ಮರಳಿನಲ್ಲಿ ನೂರು ಹೆಜ್ಜೆ ದೂರವಿದ್ದರೂ ಅದು ದೂರವಲ್ಲ, ಕಡಿದಾದ ದಂಡೆಯಲ್ಲಿ ಮೂವತ್ತು ಹೆಜ್ಜೆಯೂ ಸಾಕಾಗಬಹುದು. ಕಳೆದ ಮಳೆಗಾಲದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ದಂಡೆಯೇ ತೋರಿಸುತ್ತದೆ. ಹೊಳೆಮತ್ತಿ ಮರಗಳ ಕೊಂಬೆಗಳಿಗೆ ಒಣಹುಲ್ಲು, ಪ್ಲಾಸ್ಟಿಕ್ ಚೂರು, ಹರಿದ ಬಟ್ಟೆ ಸಿಕ್ಕಿಕೊಂಡಿರುವುದನ್ನು ನೋಡಿ. ಬಂಡೆಗಳ ಮೇಲೆ ಬಣ್ಣ ಬದಲಾದ ಗೆರೆ ಇರುತ್ತದೆ. ಆ ಗೆರೆಗಿಂತ ಮೇಲೆ ನಿಮ್ಮ ತಲೆದಿಂಬು ಇರಬೇಕು.

ಮರಳು ಮೆತ್ತಗಿರುತ್ತದೆ ಎಂದು ಅದರ ಮೇಲೆ ಟೆಂಟ್ ಹಾಕುವವರು ಬಹಳ. ಮರಳು ಅಲ್ಲಿ ಬಂದು ಬಿದ್ದಿದ್ದೇ ನೀರಿನಿಂದ, ಅಂದರೆ ಅದು ಹೊಳೆಯ ಹಾಸು. ಇನ್ನು ನಡುಗಡ್ಡೆ. ಸಂಜೆ ಮೊಣಕಾಲು ನೀರಿನಲ್ಲಿ ನಡೆದು ಹೋದ ಗಡ್ಡೆಯಿಂದ ಬೆಳಗ್ಗೆ ವಾಪಸು ಬರಲಾಗದೆ ಅಗ್ನಿಶಾಮಕ ದಳ ದೋಣಿ ತರಬೇಕಾದ ಸುದ್ದಿಗಳನ್ನು ಪ್ರತಿ ಮಳೆಗಾಲವೂ ಓದುತ್ತೇವೆ. ಗಡ್ಡೆಯ ಮೇಲೆ ಯಾವ ಕಾಲದಲ್ಲೂ ಮಲಗಬೇಡಿ.

ಒಂದು ಚಿಕ್ಕ ಅಭ್ಯಾಸ ಮಾಡಿಕೊಳ್ಳಿ. ತಲುಪಿದ ಕೂಡಲೇ ನೀರಿನ ಅಂಚಿನಲ್ಲಿ ಒಂದು ಕೋಲು ನೆಟ್ಟು ಅದಕ್ಕೆ ಬಿಳಿ ಬಟ್ಟೆ ಕಟ್ಟಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ, ನಡುರಾತ್ರಿ ಎದ್ದಾಗ ಟಾರ್ಚು ಹಾಕಿ ನೋಡಿ. ಕೋಲಿನ ಬುಡ ನೀರೊಳಗೆ ಹೋಗಿದ್ದರೆ ಮಾತು ಬೇಡ, ಸಾಮಾನನ್ನೂ ಬಿಟ್ಟು ಮೇಲೆ ಹತ್ತಿ. ಮರದ ವಿಷಯದಲ್ಲೂ ಎಚ್ಚರ ಬೇಕು. ಒಣಕೊಂಬೆಯ ಕೆಳಗೂ ಜೇನು ಕಟ್ಟಿದ ಮರದ ಕೆಳಗೂ ಟೆಂಟ್ ಬೇಡ.

ಅಡುಗೆ ಮಾಡಿಕೊಳ್ಳಬಹುದೇ? ಒಲೆ ಹೂಡಿದರೆ ಯಾರಾದರೂ ಹಿಡಿಯುತ್ತಾರೆಯೇ?

ವನ್ಯಜೀವಿಧಾಮದಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು, ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನು ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ಆದ್ದರಿಂದ ಕಾಡಿನೊಳಗೆ ಒಲೆಯ ಯೋಚನೆ ಬೇಡ. ಮುತ್ತತ್ತಿಯಲ್ಲಿ ಹರಕೆ ತೀರಿಸಲು ಬಂದವರು ಅಡುಗೆ ಮಾಡಿ ಊಟ ಹಾಕುವ ರೂಢಿ ಹಳೆಯದು ನಿಜ. ಅವರು ಬಂದು ಹೋದ ಮೇಲೆ ಉಳಿಯುವ ಎಲೆ, ಲೋಟ, ಮೂಳೆಗಳ ರಾಶಿಯನ್ನು ನೋಡಿದರೆ ಆಂಜನೇಯನಿಗೂ ಸಂಕಟವಾಗಬೇಕು.

ಒಂದು ರಾತ್ರಿಗೆ ಬುತ್ತಿಯೇ ಮೇಲು. ಪುಳಿಯೋಗರೆ, ಒಣ ಚಪಾತಿ, ಚಟ್ನಿಪುಡಿ, ಹುರಿಗಾಳು ಮರುದಿನದವರೆಗೆ ನಿಲ್ಲುತ್ತವೆ. ಮೊಸರನ್ನವನ್ನು ಅದೇ ಸಂಜೆ ಮುಗಿಸಿ. ತೆಂಗಿನಕಾಯಿ ಹಾಕಿದ ಪಲ್ಯ ಬಿಸಿಲಿನಲ್ಲಿ ಹಳಸುತ್ತದೆ. ರೈತರ ಜಮೀನಿನಲ್ಲಿ ಅವರ ಒಪ್ಪಿಗೆಯಿಂದ ಅಡುಗೆ ಮಾಡುವುದಾದರೆ ಸಣ್ಣ ಗ್ಯಾಸ್ ಒಲೆ ತನ್ನಿ, ಕಬ್ಬಿನ ಗದ್ದೆಯ ಹತ್ತಿರ ಅದನ್ನೂ ಹಚ್ಚಬೇಡಿ. ಒಣಗಿದ ಕಬ್ಬಿನ ರವದಿಗೆ ಒಂದು ಕಿಡಿ ತಗುಲಿದರೆ ಆ ಕುಟುಂಬದ ವರ್ಷದ ದುಡಿಮೆ ಹೋಯಿತು. ಟೆಂಟಿನ ಒಳಗೆ ಒಲೆ, ಕೆಂಡ ಯಾವುದನ್ನೂ ಇಡಬಾರದು. ಬೆಂಕಿ ತಗುಲದಿದ್ದರೂ ಇಂಗಾಲದ ಮಾನಾಕ್ಸೈಡ್ ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ.

ಹೊಳೆ ನೀರನ್ನು ಕುದಿಸಿದರೆ ಕುಡಿಯಬಹುದಲ್ಲವೇ?

ಕುದಿಸಿದರೆ ರೋಗಾಣು ಸಾಯುತ್ತವೆ. ಗದ್ದೆಗಳಿಂದ ಬಸಿದು ಬರುವ ಕೀಟನಾಶಕ, ಊರಿನ ಚರಂಡಿಯ ರಾಸಾಯನಿಕ ಕುದಿಸಿದರೂ ಹೋಗುವುದಿಲ್ಲ. ತಲೆಗೆ ನಾಲ್ಕೈದು ಲೀಟರ್ ಲೆಕ್ಕ ಹಾಕಿ ಮನೆಯಿಂದಲೇ ಕ್ಯಾನಿನಲ್ಲಿ ಒಯ್ಯಿರಿ.

ಶೌಚಾಲಯ ಇಲ್ಲದ ಕಡೆ ಹೆಣ್ಣುಮಕ್ಕಳು ಏನು ಮಾಡಬೇಕು?

ಈ ಪ್ರಶ್ನೆಯನ್ನು ಸಂಕೋಚದಿಂದ, ಬಹುಪಾಲು ಕೊನೆಯಲ್ಲಿ ಕೇಳುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಇದು. ಸಂಕೋಚಕ್ಕೆ ನೀರು ಕುಡಿಯದೆ ಇದ್ದು ತಲೆಸುತ್ತು, ಉರಿಮೂತ್ರ ತಂದುಕೊಳ್ಳುವವರು ಎಷ್ಟೋ ಮಂದಿ. ಸಾಮಾನಿನ ಜೊತೆ ಒಂದು ಹಳೆಯ ಸೀರೆ, ನಾಲ್ಕು ಕೋಲು, ಒಂದು ಸಣ್ಣ ಸಲಿಕೆ ಇಟ್ಟುಕೊಳ್ಳಿ. ನೀರಿನಿಂದ ಕನಿಷ್ಠ ಎಂಬತ್ತು ಹೆಜ್ಜೆ ದೂರ, ಇಳಿಜಾರಲ್ಲದ ಕಡೆ, ಒಂದು ಗೇಣು ಆಳದ ಗುಂಡಿ ತೋಡಿ, ಬಳಸಿದ ಮೇಲೆ ಮಣ್ಣು ಮುಚ್ಚಿ. ಕತ್ತಲಾಗುವ ಮೊದಲೇ ಈ ಜಾಗ ಗೊತ್ತು ಮಾಡಿಕೊಂಡು ಸುತ್ತಲಿನ ಪೊದೆಯನ್ನು ಕೋಲಿನಿಂದ ಬಡಿದು ನೋಡಿ. ರಾತ್ರಿ ಇಬ್ಬರು ಸೇರಿಯೇ ಹೋಗಬೇಕು. ಸ್ಯಾನಿಟರಿ ಪ್ಯಾಡ್ ಹೂಳಬೇಡಿ, ಪ್ರಾಣಿಗಳು ಕೆದರುತ್ತವೆ. ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಮನೆಗೆ ತನ್ನಿ.

ಸ್ವಲ್ಪ ಸೋಪು ಹಾಕಿ ಸ್ನಾನ ಮಾಡಿದರೆ ಇಷ್ಟು ದೊಡ್ಡ ಹೊಳೆಗೆ ಏನಾಗುತ್ತದೆ?

ನಿಮ್ಮ ಹಿಂದೆ ಬರುವ ಎಲ್ಲರೂ ಇದನ್ನೇ ಕೇಳುತ್ತಾರೆ. ಬೇಸಿಗೆಯಲ್ಲಿ ಹರಿವು ನಿಂತು ಮಡುಗಳಷ್ಟೇ ಉಳಿದಾಗ ಮೀನಿನ ಮರಿಗಳೆಲ್ಲ ಆ ಮಡುವಿನಲ್ಲಿರುತ್ತವೆ. ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು ದಂಡೆಯ ಮೇಲೆ, ಮಣ್ಣಿರುವ ಕಡೆ ಮೀಯಿರಿ.

ರಾತ್ರಿ ಸ್ಪೀಕರ್ ಹಾಕಿಕೊಂಡು ಕುಣಿಯಬಹುದೇ?

ಬೇಡ. ಕಾಡಿಗೆ ತೊಂದರೆ ಎಂಬುದು ಒಂದು ಕಾರಣ. ನೀರು ಏರುವಾಗ ಹೊಳೆಯ ಸದ್ದು ಬದಲಾಗುತ್ತದೆ, ಅದು ನಿಮಗೆ ಕೇಳಿಸಬೇಕು ಎಂಬುದು ಇನ್ನೊಂದು.

## ನೀರಿನ ವಿಷಯ

ಮೂರು ದಿನದಿಂದ ಮಳೆಯೇ ಇಲ್ಲ. ಹೊಳೆ ಹೇಗೆ ಏರುತ್ತದೆ?

ಮುತ್ತತ್ತಿಯಲ್ಲಿ ಹರಿಯುವ ನೀರು ಎಲ್ಲೆಲ್ಲಿಂದ ಬರುತ್ತದೆ ನೋಡಿ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ಕನ್ನಂಬಾಡಿಯಲ್ಲಿ, ಅಂದರೆ ಕೃಷ್ಣರಾಜಸಾಗರದಲ್ಲಿ (ಕೆ.ಆರ್.ಎಸ್.) ನಿಂತು ಗೇಟಿನ ಮೂಲಕ ಬರುತ್ತದೆ. ಬೀಚನಹಳ್ಳಿಯ ಅಣೆಕಟ್ಟೆಯಿಂದ ಬಿಟ್ಟ ಕಬಿನಿ ತಿ. ನರಸೀಪುರದ ತಿರುಮಕೂಡಲಿನಲ್ಲಿ ಸೇರುತ್ತದೆ. ಮುಂದೆ ಸುವರ್ಣಾವತಿ, ಶಿವನಸಮುದ್ರದ ಕೆಳಗೆ ಶಿಂಷಾ. ಸಾಲದ್ದಕ್ಕೆ 1902ರಿಂದ ವಿದ್ಯುತ್ ಕೊಡುತ್ತಿರುವ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ. ಅಲ್ಲಿ ಯಂತ್ರಗಳು ಓಡಿದಂತೆ, ನಿಂತಂತೆ ಕೆಳಗಿನ ನೀರೂ ಏರಿಳಿಯುತ್ತದೆ. ಕೊಡಗಿನಲ್ಲಿ ಸುರಿದ ಮಳೆಗೆ ಕೆ.ಆರ್.ಎಸ್. ಗೇಟು ತೆರೆದರೆ ಆ ನೀರು ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ನಿಮ್ಮನ್ನು ತಲುಪುತ್ತದೆ. ಆಗ ನಿಮ್ಮ ಮೇಲೆ ನಕ್ಷತ್ರಗಳು ಹೊಳೆಯುತ್ತಿರಬಹುದು.

ಮಂಡ್ಯ, ಮೈಸೂರಿನವರಿಗೆ ಒಂದು ಅನುಕೂಲವಿದೆ. ಬೆಳಗಿನ ಪತ್ರಿಕೆಯಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಓದುವುದು ನಮ್ಮ ಮನೆಗಳ ರೂಢಿ. ಕೆ.ಆರ್.ಎಸ್.ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2284 ಅಡಿ, ಇದು ಸಮುದ್ರಮಟ್ಟದಿಂದ. ಬೇಸಾಯದವರು ಮಟ್ಟ ನೋಡುತ್ತಾರೆ, ಟೆಂಟಿನವರು ನೋಡಬೇಕಾದದ್ದು ಹೊರಹರಿವು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಜಲಾಶಯ ತುಂಬಿದ್ದು ಒಳಹರಿವು ಏರುತ್ತಿದ್ದರೆ, ಇವತ್ತು ಹೊರಹರಿವು ಎಷ್ಟೇ ಇರಲಿ, ನಾಳೆ ಹೆಚ್ಚುತ್ತದೆ ಎಂದೇ ತಿಳಿಯಬೇಕು. ಕೆ.ಆರ್.ಎಸ್. ಒಂದನ್ನೇ ನೋಡಿ ಹೊರಡುವುದು ಸಾಮಾನ್ಯ ತಪ್ಪು. ಶ್ರೀರಂಗಪಟ್ಟಣದಲ್ಲಿ ನಿಂತವರಿಗೆ ಅದು ಸಾಕು, ತಿರುಮಕೂಡಲಿನಿಂದ ಕೆಳಗೆ ಹೋಗುವವರಿಗೆ ಕಬಿನಿಯ ಅಂಕಿಯೂ ಬೇಕು. 2018ರ ಪ್ರವಾಹದಲ್ಲಿ ಶಿವನಸಮುದ್ರದ ಹಳೆಯ ಕಲ್ಲುಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು.

ದಂಡೆಯಲ್ಲಿದ್ದಾಗ ಕಾಣುವ ಗುರುತುಗಳು: ತಿಳಿಯಾಗಿದ್ದ ನೀರು ಕೆಂಪಾಗುವುದು, ಎಲೆ ಕಡ್ಡಿಗಳ ರಾಶಿ ತೇಲಿ ಬರುವುದು, ಸಂಜೆ ಕಂಡಿದ್ದ ಬಂಡೆ ಕಾಣದಾಗುವುದು.

ನನಗೆ ಚೆನ್ನಾಗಿ ಈಜು ಬರುತ್ತದೆ. ಮುತ್ತತ್ತಿಯಲ್ಲಿ ಇಳಿದರೆ ಏನು?

ಮುತ್ತತ್ತಿಯಲ್ಲಿ ಈಜು ಬಲ್ಲವರೂ ಸತ್ತಿದ್ದಾರೆ. ಅಲ್ಲಿನ ಹೊಳೆಯ ತಳ ಬಂಡೆ. ಸಾವಿರಾರು ವರ್ಷ ನೀರು ಕೊರೆದು ಬಂಡೆಯಲ್ಲಿ ಗುಂಡಿಗಳು, ಕೊರಕಲುಗಳು ಆಗಿವೆ. ಸೊಂಟದ ನೀರಿನಲ್ಲಿ ನಿಂತವನ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಬೀಳಬಹುದು. ಮೇಲೆ ಶಾಂತವಾಗಿ ಕಾಣುವ ಮಡುವಿನ ಕೆಳಗೆ ಸೆಳೆತವಿರುತ್ತದೆ, ಬಂಡೆಯ ಸಂದಿಗೆ ಕಾಲು ಸಿಕ್ಕಿದರೆ ಈಜು ಉಪಯೋಗಕ್ಕೆ ಬರುವುದಿಲ್ಲ. ಪಾಚಿಗಟ್ಟಿದ ಬಂಡೆ ಜಾರುತ್ತದೆ. ಬೇರೆ ಕಡೆಗಳಲ್ಲಿ ಮರಳು ತೆಗೆದ ಗುಂಡಿಗಳ ಕಾಟ. ಈಜುಕೊಳದಲ್ಲಿ ಕಲಿತ ಈಜು ನಿಂತ ನೀರಿನ ಈಜು. ಇಳಿಯಬೇಡಿ ಎಂಬ ಫಲಕವಿದ್ದರೆ ಅಲ್ಲಿ ಯಾರೋ ಸತ್ತ ಮೇಲೆ ಹಾಕಿದ್ದು ಎಂದು ತಿಳಿಯಿರಿ.

ಇದೇ ಮಾತು ಬಲಮುರಿ, ಎಡಮುರಿಗಳಿಗೂ ಸಲ್ಲುತ್ತದೆ. ಶಿಬಿರದವರ ತೆಪ್ಪದಲ್ಲಿ ಹೋಗುವುದಾದರೂ ಜೀವರಕ್ಷಕ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದುಕೊಳ್ಳಿ, ಫೋಟೊಗೆಂದು ಎದ್ದು ನಿಲ್ಲಬೇಡಿ.

ನಾಲೆ ಇಷ್ಟು ಕಿರಿದು, ಎರಡು ಮಾರು ಅಗಲ. ಅದರಲ್ಲಿ ಮೀಯಬಹುದಲ್ಲ?

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಂಥ ಕಾಲುವೆಗಳು ಹೊಳೆಗಿಂತ ಕೇಡು. ಸಿಮೆಂಟಿನ ಇಳಿಜಾರು ದಂಡೆಯಲ್ಲಿ ಹಿಡಿದುಕೊಳ್ಳಲು ಒಂದು ಬೇರೂ ಇಲ್ಲ. ಬಿದ್ದವರು ಮೆಟ್ಟಿಲು ಸಿಗುವವರೆಗೆ ಕೊಚ್ಚಿಹೋಗುತ್ತಲೇ ಇರುತ್ತಾರೆ.

ಕಣ್ಣೆದುರೇ ಯಾರಾದರೂ ಮುಳುಗುತ್ತಿದ್ದರೆ ಸುಮ್ಮನೆ ನಿಲ್ಲುವುದೇ?

ಸುಮ್ಮನೆ ನಿಲ್ಲಬೇಡಿ, ಹಾರಲೂ ಬೇಡಿ. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದರು ಎಂಬ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಸಲ ಬಂದಿದೆ! ಮುಳುಗುವವನು ಕೈಗೆ ಸಿಕ್ಕವರನ್ನು ಅಪ್ಪಿ ಹಿಡಿಯುತ್ತಾನೆ. ನೀವು ದಂಡೆಯಲ್ಲಿ ಮಲಗಿಕೊಂಡು ಹಗ್ಗ ಎಸೆಯಿರಿ. ಹಗ್ಗವಿಲ್ಲದಿದ್ದರೆ ಸೀರೆ, ಪಂಚೆ, ಉದ್ದನೆಯ ಬಿದಿರು. ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನ್ ತೇಲುತ್ತದೆ, ಅದನ್ನು ಹಗ್ಗಕ್ಕೆ ಕಟ್ಟಿ ಎಸೆದರೆ ಇನ್ನೂ ಒಳ್ಳೆಯದು. ಹೊರಗೆ ಎಳೆದ ಮೇಲೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ಕ್ರಮ ಬೇಡ. ಬಾಯಿಂದ ಬಾಯಿಗೆ ಉಸಿರು ಕೊಟ್ಟು, ಎದೆಯ ನಡುವೆ ಒತ್ತುತ್ತಾ ಇರಬೇಕು, ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಈ ವಿದ್ಯೆಯನ್ನು ಗುಂಪಿನಲ್ಲಿ ಒಬ್ಬರಾದರೂ ಕಲಿತಿರಲಿ.

## ಕಾಡಿನವರ ನಡುವೆ

ಕಾವೇರಿಯಲ್ಲಿ ನಿಜವಾಗಿಯೂ ಮೊಸಳೆ ಇದೆಯೇ?

ಇದೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಅದೇ ಜಾತಿಯ ಮೊಸಳೆಗಳು ಭೀಮೇಶ್ವರಿಯ ಕಡೆಯೂ ಇವೆ. ಮುಸ್ಸಂಜೆ, ನಸುಕಿನಲ್ಲಿ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯಬೇಡಿ. ಮಾಂಸದ ಚೂರುಗಳನ್ನು ನೀರಿಗೆ ಎಸೆಯಬೇಡಿ. ಬೇಸಿಗೆಯ ಆರಂಭದಲ್ಲಿ ಅವು ದಂಡೆಯ ಮರಳಿನಲ್ಲಿ ಮೊಟ್ಟೆ ಇಡುತ್ತವೆ, ತಾಯಿ ಹತ್ತಿರವೇ ಇರುತ್ತದೆ.

ಆನೆ ಬಂದರೆ ಟೆಂಟಿನ ಒಳಗೇ ಇರಬೇಕೇ, ಓಡಬೇಕೇ?

ಬಾರದಂತೆ ನೋಡಿಕೊಳ್ಳುವುದು ಮೊದಲು. ಬೇಸಿಗೆಯಲ್ಲಿ ಆನೆಗಳು ಸಂಜೆ ಹೊಳೆಗೆ ಇಳಿಯುತ್ತವೆ. ಲದ್ದಿ ಬಿದ್ದಿರುವ, ಮಣ್ಣು ನುಣುಪಾಗಿ ತುಳಿದಿರುವ ಇಳಿಜಾರು ಅವುಗಳ ದಾರಿ, ಅಲ್ಲಿ ಟೆಂಟ್ ಬೇಡ. ಬಾಳೆಹಣ್ಣು, ಹಲಸು, ಬೆಲ್ಲ, ಉಪ್ಪು ಟೆಂಟಿನೊಳಗೆ ಇಡಬೇಡಿ. ಅವುಗಳ ಮೂಗಿಗೆ ಕಿಲೋಮೀಟರುಗಟ್ಟಲೆ ದೂರದ ವಾಸನೆ ಸಿಗುತ್ತದೆ. ಬಂದೇಬಿಟ್ಟರೆ ಮುಖಕ್ಕೆ ಟಾರ್ಚು ಬಿಡುವುದು, ಕೂಗುವುದು, ಪಟಾಕಿ ಯಾವುದೂ ಬೇಡ. ಅದಕ್ಕೆ ದಾರಿ ಬಿಟ್ಟು, ಸದ್ದಿಲ್ಲದೆ, ಕಟ್ಟಡದ ಕಡೆಗೋ ವಾಹನದ ಕಡೆಗೋ ಸರಿಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಬಯಲಿಗಿಂತ ಕಾವಲಿರುವ ಶಿಬಿರ ಮೇಲು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾವು ಟೆಂಟಿನೊಳಗೆ ಬರುತ್ತದೆಯೇ?

ಜಿಪ್ ಮುಚ್ಚಿದ್ದರೆ ಬರುವುದಿಲ್ಲ. ಹೆಚ್ಚು ಹೆದರಬೇಕಾದದ್ದು ಕಟ್ಟುಹಾವಿಗೆ. ಅದು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಕಚ್ಚಿದ್ದು ನೋಯುವುದೇ ಇಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋಲುವುದು ಕಂಡರೆ ಊಟ ಹೆಚ್ಚಾಯಿತು ಎಂದುಕೊಳ್ಳದೆ ಆಸ್ಪತ್ರೆಗೆ ಓಡಿ. ಕೊಳಕುಮಂಡಲ ಒಣ ಎಲೆಯ ನಡುವೆ ಕಾಣುವುದಿಲ್ಲ, ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಬೂಟನ್ನು ಕೊಡವಿ ಹಾಕಿಕೊಳ್ಳಿ.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಮದ್ದಿಗೆ ಕಾಯುವುದು ಎಲ್ಲವೂ ಹೊತ್ತು ಕಳೆಯುವ ಕೆಲಸಗಳು. ಕಚ್ಚಿದ ಕೈಕಾಲನ್ನು ಅಲ್ಲಾಡಿಸದೆ ಇಟ್ಟುಕೊಂಡು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ಗೋ ಹೊರಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ, ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.

ಗಾಳ ಹಾಕಿ ಮೀನು ಹಿಡಿಯಬಹುದೇ? ಭೀಮೇಶ್ವರಿ ಅದಕ್ಕೇ ಹೆಸರಾಗಿತ್ತಂತೆ.

ಹೆಸರಾಗಿತ್ತು. ಈಗ ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ. ಹೊರದೇಶದವರೂ ಹುಡುಕಿಕೊಂಡು ಬರುತ್ತಿದ್ದ ಆ ಮೀನು ಡುಬ್ಬದ ಮಹಶೀರ್, ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಅಷ್ಟು ಪ್ರಸಿದ್ಧವಾದರೂ ಅದರ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮದೇವಿ ಎಂದು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಡೈನಮೈಟ್ ಎಸೆದು ಮೀನು ಹಿಡಿಯುವುದನ್ನು ಕಂಡರೆ ದಯವಿಟ್ಟು 1926ಕ್ಕೆ ತಿಳಿಸಿ.

## ಬಿಸಿನೀರಿನ ಬುಗ್ಗೆಗಳು

ಮಾಗಿಯ ಬೆಳಗ್ಗೆ ಹೊಳೆಯಿಂದ ಹಬೆ ಏಳುತ್ತಿತ್ತು. ನಮ್ಮಲ್ಲೂ ಬಿಸಿನೀರಿನ ಬುಗ್ಗೆ ಇದೆಯೇ?

ಅದು ಬುಗ್ಗೆಯಲ್ಲ. ರಾತ್ರಿ ಗಾಳಿ ಬೇಗ ತಣ್ಣಗಾಗುತ್ತದೆ, ನೀರು ನಿಧಾನವಾಗಿ. ನೀರಿನ ಮೇಲಿನ ತೇವ ತಣ್ಣನೆಯ ಗಾಳಿಗೆ ತಗುಲಿ ಮಂಜಾಗುತ್ತದೆ. ಕೈ ಅದ್ದಿದರೆ ಬೆಚ್ಚಗೆ ಅನ್ನಿಸುವುದು ಕೈ ತಣ್ಣಗಿರುವುದರಿಂದ. ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಹೆಸರಾದ ಬಿಸಿನೀರಿನ ಬುಗ್ಗೆ ಯಾವುದೂ ಇಲ್ಲ.

ಕಾರಣ ನಮ್ಮ ಕಾಲ ಕೆಳಗಿನ ಬಂಡೆ. ಬುಗ್ಗೆ ಬಿಸಿಯಾಗಬೇಕಾದರೆ ಮಳೆನೀರು ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿದು, ಅಲ್ಲಿ ಕಾದು, ತಣ್ಣಗಾಗುವ ಮೊದಲೇ ಮೇಲೆ ಬರಬೇಕು. ಭೂಮಿಯೊಳಗೆ ಇಳಿದಂತೆ ಒಂದು ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಧಾರವಾಡ ಶಿಲಾಸ್ತೋಮ ಎಂದು ಕರೆಯುವ ನಮ್ಮ ನೆಲ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು, ತಣ್ಣಗಾಗಿ ಗಟ್ಟಿಯಾದದ್ದು, ಇಲ್ಲಿ ಬಿಸಿ ಆ ಲೆಕ್ಕದ ಸುಮಾರು ಅರ್ಧದಷ್ಟೇ ಏರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್ ಕೆಳಗೆ ಇಳಿದಾಗ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಷ್ಟು ಆಳದಿಂದ ನೀರು ತಾನಾಗಿ ಮೇಲೆ ಬರಲು ದೊಡ್ಡ ಬಿರುಕು ಬೇಕು, ಅಂಥ ಬಿರುಕು ಇಲ್ಲಿ ಅಪರೂಪ.

ನಮ್ಮ ತೋಟದ ಬೋರ್‌ವೆಲ್ ನೀರು ಬೆಳಗ್ಗೆ ಬೆಚ್ಚಗೆ ಬರುತ್ತದೆ. ಅದೂ ಬುಗ್ಗೆಯ ನೀರೇ?

ಅಲ್ಲ. ನೆಲದಡಿಯ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಬೆಚ್ಚಗೆ, ಏಪ್ರಿಲ್‌ನಲ್ಲಿ ತಂಪಾಗಿ ತೋರುತ್ತದೆ. ಬೋರ್ ಆಳವಾದಷ್ಟೂ ಒಂದೆರಡು ಡಿಗ್ರಿ ಕೂಡುತ್ತದೆ, ಅಷ್ಟೆ.

ಹಾಗಾದರೆ ಕರ್ನಾಟಕದಲ್ಲಿ ಎಲ್ಲೂ ಇಲ್ಲವೇ?

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ. ಸೀರೆ ಹೊಳೆಯ ದಂಡೆಯಲ್ಲಿ ಕಟ್ಟಿದ ಕೊಳ, ನೀರು 40 ಡಿಗ್ರಿಯ ಆಸುಪಾಸು. ಮೈಗೆ ಹಿತವಾದ ಬಿಸಿ, ಗಂಧಕದ ತೆಳು ವಾಸನೆ. ಮೈಸೂರಿನಿಂದ ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯದ ಮೇಲೆ ಪುತ್ತೂರಿಗೆ ಸುಮಾರು 200 ಕಿಲೋಮೀಟರ್. ಮಳೆಗಾಲದಲ್ಲಿ ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿಯುವುದರಿಂದ ಚಳಿಗಾಲದಲ್ಲೇ ಹೋಗಿ. ಅದು ತೀರ್ಥಕ್ಷೇತ್ರ, ಟೆಂಟ್ ಹಾಕುವ ಜಾಗವಲ್ಲ. ಪುತ್ತೂರಿನಲ್ಲಿ ಕೋಣೆ ಹಿಡಿಯಿರಿ. ದೊಡ್ಡ ಕೊಳ, ಉಕ್ಕುವ ನೀರು ಎಂದೆಲ್ಲ ನಿರೀಕ್ಷಿಸಿ ಹೋದವರು ಚಿಕ್ಕದು ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನೆಲದ ಆಳದಿಂದ ಕಾದು ಬಂದ ನೀರಿನಲ್ಲಿ ನಿಂತಿದ್ದೇನೆ ಎಂದು ತಿಳಿದು ನಿಂತರೆ ಆ ಚಿಕ್ಕ ಕೊಳ ಕಡಿಮೆಯದೆನಿಸುವುದಿಲ್ಲ.

ಅಮ್ಮನಿಗೆ ಮಂಡಿ ನೋವು. ಬುಗ್ಗೆಯಲ್ಲಿ ಕೂತರೆ ವಾಸಿಯಾಗುತ್ತದೆಯೇ?

ಬಿಸಿನೀರಿನಲ್ಲಿ ಕೂತರೆ ಸ್ನಾಯು ಸಡಿಲಗೊಂಡು ಸ್ವಲ್ಪ ಹೊತ್ತು ಹಿತವಾಗುತ್ತದೆ, ಸವೆದ ಮಂಡಿ ಸರಿಹೋಗುವುದಿಲ್ಲ. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಏಳುವಾಗ ರಕ್ತದೊತ್ತಡ ಇಳಿದು ತಲೆ ತಿರುಗಬಹುದು, ಕೈ ಹಿಡಿದು ಎಬ್ಬಿಸಿ. ಹೃದ್ರೋಗಿಗಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಬೆಳ್ಳಿಯ ಕಾಲುಂಗುರ, ಗೆಜ್ಜೆ ಗಂಧಕಕ್ಕೆ ಕಪ್ಪಾಗುತ್ತವೆ, ತೆಗೆದಿಡಿ. ತೀರ್ಥವೆಂದು ಬೊಗಸೆ ತುಂಬಾ ಕುಡಿಯಬೇಡಿ. ಆಳದ ಬಂಡೆಯಿಂದ ಫ್ಲೋರೈಡ್, ಆರ್ಸೆನಿಕ್ ಕರಗಿ ಬರುವ ಬುಗ್ಗೆಗಳಿವೆ.

ಕೇರಳದ ಮೆದುಳು ತಿನ್ನುವ ಅಮೀಬಾ ಬಿಸಿನೀರಿನಲ್ಲೂ ಇರುತ್ತದೆಯೇ?

ನೇಗ್ಲೇರಿಯಾ ಎಂಬ ಆ ಸೂಕ್ಷ್ಮಜೀವಿಗೆ ಬೆಚ್ಚಗಿನ ಸಿಹಿನೀರೇ ಇಷ್ಟ, 45 ಡಿಗ್ರಿಯವರೆಗೂ ಬದುಕುತ್ತದೆ. ಕುಡಿದರೆ ಸೋಂಕಾಗುವುದಿಲ್ಲ, ಮೂಗಿನೊಳಗೆ ಹೋದರೆ ಮಾತ್ರ ಮೆದುಳಿಗೆ ಏರುತ್ತದೆ. ಸೋಂಕು ಬಹಳ ಅಪರೂಪ, ಬಂದರೆ ಉಳಿಯುವುದು ಕಷ್ಟ. ಆದ್ದರಿಂದ ಬುಗ್ಗೆಯಲ್ಲಾಗಲಿ ಬೇಸಿಗೆಯ ನಿಂತ ಮಡುವಿನಲ್ಲಾಗಲಿ ತಲೆ ಮುಳುಗಿಸಬೇಡಿ. ಮೂರು ಮುಳುಗು ಹಾಕಲೇಬೇಕೆನ್ನುವ ಹಿರಿಯರಿಗೆ ಚೊಂಬಿನಿಂದ ತಲೆಯ ಮೇಲೆ ಹೊಯ್ಯಿರಿ.

ಹಿಮಾಚಲದಲ್ಲಿ ನದಿ ದಂಡೆಯ ಟೆಂಟ್, ಪಕ್ಕದಲ್ಲೇ ಬಿಸಿನೀರು. ಕಾಲೇಜಿನಿಂದ ಹೊರಟಿದ್ದೇವೆ. ಏನು ನೋಡಿಕೊಳ್ಳಬೇಕು?

ಕುಲ್ಲು ಜಿಲ್ಲೆಯ ಮಣಿಕರಣ್‌ನಲ್ಲಿ ಪಾರ್ವತಿ ನದಿ ಹಿಮದಂತೆ ಕೊರೆಯುತ್ತದೆ, ದಂಡೆಯಲ್ಲಿ ಬುಗ್ಗೆ ಕುದಿಯುತ್ತದೆ. ಗುರುದ್ವಾರದವರು ಅದರಲ್ಲೇ ಅಕ್ಕಿ, ಬೇಳೆ ಬೇಯಿಸುತ್ತಾರೆ. ಹಿಮಾಲಯ ಇನ್ನೂ ಏಳುತ್ತಿರುವ ಎಳೆಯ ಪರ್ವತ, ಬಿರುಕುಗಳು ಆಳ, ಅದಕ್ಕೇ ಅಷ್ಟು ಬಿಸಿ. ಸ್ನಾನಕ್ಕೆಂದು ತಣ್ಣೀರು ಬೆರೆಸಿದ ಕೊಳದಲ್ಲಿ ಮಾತ್ರ ಇಳಿಯಿರಿ, ಅದನ್ನೂ ಮೊದಲು ಕೈಯಿಂದ ಮುಟ್ಟಿ ನೋಡಿ. ಸಟ್ಲೆಜ್ ದಂಡೆಯ ತತ್ತಾಪಾನಿಯ ಹಳೆಯ ಫೋಟೊಗಳನ್ನು ನಂಬಿ ಹೊರಡಬೇಡಿ, ಅಲ್ಲಿನ ಮೂಲ ಬುಗ್ಗೆಗಳು ಕೋಲ್ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿವೆ.

ಟೆಂಟಿನ ಮಾತು. 2022ರ ಜುಲೈನಲ್ಲಿ ಮಣಿಕರಣ್ ಕಣಿವೆಯ ಚೋಜ್ ಎಂಬಲ್ಲಿ ಮೇಘಸ್ಫೋಟದ ನೀರು ನದಿ ಪಕ್ಕದ ಟೆಂಟ್ ಜಾಗವನ್ನು ಕೊಚ್ಚಿಕೊಂಡು ಹೋಯಿತು. 2014ರ ಜೂನ್ 8ರಂದು ಮಂಡಿ ಜಿಲ್ಲೆಯ ಥಲೌಟ್ ಬಳಿ ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೊ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರಿಗೆ ಸಿಕ್ಕಿ ತೀರಿಕೊಂಡರು. ನಿಮ್ಮದೇ ವಯಸ್ಸಿನವರು. ನದಿ ಪಕ್ಕದ ಟೆಂಟೇ ಬೇಕು ಎಂದು ಮುಂಗಡ ಕೊಡುವ ಮೊದಲು ಮೂರು ವಿಷಯ ಕೇಳಿ: ಜಾಗ ನೀರಿಗಿಂತ ಎಷ್ಟು ಎತ್ತರದಲ್ಲಿದೆ, ಮೇಲೆ ಯಾವ ಅಣೆಕಟ್ಟೆಯಿದೆ, ರಾತ್ರಿ ಎಚ್ಚರವಿರುವ ಕಾವಲುಗಾರ ಇದ್ದಾನೆಯೇ. ಸರಿಯಾದ ಉತ್ತರ ಬಾರದಿದ್ದರೆ ಊರಿನೊಳಗೆ, ರಸ್ತೆಯ ಮೇಲ್ಬದಿಯಲ್ಲಿ ಕೋಣೆ ತೆಗೆದುಕೊಳ್ಳಿ. ಬಿಸಿನೀರಿನ ಸ್ನಾನಕ್ಕೆ ಹಗಲಿನಲ್ಲಿ ನಡೆದುಕೊಂಡೇ ಹೋಗಬಹುದು. ಜುಲೈ, ಆಗಸ್ಟ್‌ನ ಟಿಕೆಟ್ ಮಾಡಿಸಿದ್ದರೆ ಅಕ್ಟೋಬರ್‌ಗೆ ಬದಲಿಸಿ.